ಪ್ಯೂಬ್ಲಾಕ್ಕೆ ಹೋದ ದಾರಿತೋರುಗ

ದುಬೈಯ ದೇರಾದ ಒಂದು ಹೋಟೆಲಿನ ರಿಸೆಪ್ಶನ್‌ನಲ್ಲಿ ನಿಂತು, ಬಂದವರಿಗೆಲ್ಲ ದಾರಿ ಹೇಳುವುದು ನನ್ನ ಕೆಲಸ. ಚಿನ್ನದ ಅಂಗಡಿಗಳು ಎಲ್ಲಿ, ದೋಣಿ ಎಲ್ಲಿ ಹತ್ತಬೇಕು, ಎಲ್ಲ ಬಾಯಿಪಾಠ. ಆದರೆ ನಾನೇ ಪ್ರವಾಸಿಯಾಗಿ ಹೊರಟರೆ ಮಾನ ಉಳಿಸಿಕೊಂಡು ಬಂದದ್ದೇ ಇಲ್ಲ. ಮಕ್ಕಳನ್ನು ಬನಿಯಾಸ್‌ನಲ್ಲಿರುವ ತಂಗಿಯ ಮನೆಯಲ್ಲಿ ಬಿಟ್ಟು, ಹೆಂಡತಿಯ ಜೊತೆ ಮೆಕ್ಸಿಕೋದ ಪ್ಯೂಬ್ಲಾ ಎಂಬ ಹಳೆಯ ಪಟ್ಟಣ ನೋಡಲು ಹೋದಾಗಲೂ ಅಷ್ಟೆ. ನಾಚಿಕೆ ದುಬೈ ಬಿಡುವ ಮೊದಲೇ ಶುರುವಾಯಿತು.

ಕೌಂಟರ್

ವಿಮಾನ ನಿಲ್ದಾಣದಲ್ಲಿ ನಮ್ಮ ಸರದಿ ಬಂತು. ಕೌಂಟರ್ ಕಂಡರೆ ಸಾಕು, ನನ್ನ ಬಾಯಿ ತಾನಾಗಿ ಡ್ಯೂಟಿಗೆ ಹಾಜರು. "ಗುಡ್ ಈವ್ನಿಂಗ್ ಸರ್, ವೆಲ್‌ಕಮ್! ಪಾಸ್‌ಪೋರ್ಟ್ ಪ್ಲೀಸ್," ಎಂದು ಕೈ ಚಾಚಿದೆ. ಅದು ಕೌಂಟರಿನ ಆಚೆ ಕೂತಿದ್ದ ಹುಡುಗ ಹೇಳಬೇಕಾದ ಮಾತು. ಬೆಳಗಿನಿಂದ ದುಡಿದು ಸುಸ್ತಾಗಿದ್ದನೋ ಏನೋ, ಪಾಪ, "ಸಾರಿ ಸರ್" ಎಂದು ತನ್ನದೇ ಜೇಬು ತಡಕಾಡಿದ.

ಬಸ್ ಬಸ್

ಮೆಕ್ಸಿಕೋ ಸಿಟಿಯಿಂದ ಪ್ಯೂಬ್ಲಾದವರೆಗೆ ಬಸ್ಸು, ಅಲ್ಲಿಂದ ಟ್ಯಾಕ್ಸಿ. ಬಣ್ಣದ ಹೆಂಚಿನ ಗೋಡೆಗಳ ನಡುವೆ ನಮ್ಮ ಹೋಟೆಲು ಕಾಣಿಸಿತು. "ಬಸ್, ಬಸ್!" ಎಂದೆ, ಸಾಕು ನಿಲ್ಲಿಸು ಎಂಬಂತೆ. ದುಬೈಯಲ್ಲಿ ಅರಬನಿರಲಿ, ಪಠಾಣನಿರಲಿ, ಈ ಮಾತಿಗೆ ಗಾಡಿ ನಿಲ್ಲಲೇಬೇಕು. ಈ ಡ್ರೈವರ್ ನಗುತ್ತಾ ಮುಂದೆ ಹೋದ. ಜೋರಾಗಿ ಕೂಗಿದೆ, ಅವನೂ ಜೋರಾಗಿ ಓಡಿಸಿದ. ಊರಿನ ಅಂಚು ಬಂದಾಗ ಹೆಂಡತಿ ಅವನ ಭುಜ ತಟ್ಟಿ ಕೈ ಅಡ್ಡ ಹಿಡಿದಳು, ನಿಂತ. ಆಮೇಲೆ ಹೋಟೆಲಿನ ಹುಡುಗಿ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು: ಅವರ ಭಾಷೆಯಲ್ಲಿ "ಬಸ್" ಎಂದರೆ "ನಡಿ, ಹೋಗು"!

ಅಜ್ಜಿ

ನನ್ನ ಮುಖಬಣ್ಣ ನೋಡಿ ಅಲ್ಲಿಯವನೇ ಅಂದುಕೊಂಡರೋ ಏನೋ, ಚೌಕದಲ್ಲಿ ಒಬ್ಬರು ಅಜ್ಜಿ ನನ್ನ ಬಳಿ ಏನೋ ಕೇಳಿದರು; "ಕತೆದ್ರಾಲ್" ಎಂದದ್ದರಿಂದ ಚರ್ಚಿನ ದಾರಿ ಎಂದು ತಿಳಿಯಿತು. ಗೊತ್ತಿಲ್ಲ ಎನ್ನುವ ಅಭ್ಯಾಸ ನನಗಿಲ್ಲ. ಗಂಭೀರವಾಗಿ ಕೈ ತೋರಿಸಿದೆ, ಅವರು ಹೊರಟರು.

"ಎಂತ ಮಾರಾಯ್ರೆ, ಸ್ವಲ್ಪ ಹಿಂದೆ ತಿರುಗಿ," ಎಂದಳು ಹೆಂಡತಿ.

ತಿರುಗಿದೆ. ಎರಡು ಗೋಪುರಗಳ ಚರ್ಚಿಗೆ ಬೆನ್ನು ಕೊಟ್ಟೇ ನಿಂತಿದ್ದೆ. ಹುಟ್ಟಿದಾಗಿನಿಂದ ಪ್ರತಿ ಭಾನುವಾರ ಚರ್ಚಿನ ಪೂಜೆಗೆ ಹೋಗುವವನು!

ಗಂಟೆ

ನಮ್ಮ ಮಕ್ಕಳನ್ನು ಊಟಕ್ಕೆ ಕರೆದರೆ "ಟೂ ಮಿನಿಟ್ಸ್, ಪಪ್ಪಾ" ಎನ್ನುತ್ತವೆಯೇ ಹೊರತು ಏಳುವುದಿಲ್ಲ. ಅದಕ್ಕೇ ಬೆಳಗಿನ ಸಂತೆಯಲ್ಲಿ ಒಂದು ಹಿತ್ತಾಳೆ ಕೈಗಂಟೆ ಕೊಂಡೆ. ಹೋಟೆಲಿನ ಗಲ್ಲಿಗೆ ಬಂದಾಗ, ಕೇಳಿಸುತ್ತದೋ ನೋಡೋಣವೆಂದು ನಡೆಯುತ್ತಲೇ ಬಾರಿಸಿದೆ.

ಪಟಪಟನೆ ಬಾಗಿಲುಗಳು ತೆರೆದವು. ಒಬ್ಬ ಹೆಂಗಸು ಓಡಿಬಂದು ನನ್ನ ಕೈಗೆ ಒಂದು ಚೀಲ ಕೊಟ್ಟಳು. ನನಗೆ ಬರುತ್ತಿದ್ದ ಒಂದೇ ಸ್ಪ್ಯಾನಿಶ್ ಮಾತು "ಗ್ರಾಸಿಯಾಸ್", ಅಂದರೆ ಥ್ಯಾಂಕ್ಸ್. ಅದನ್ನೇ ಹೇಳಿದೆ. ಇನ್ನೊಬ್ಬಳು ಕೊಟ್ಟಳು. ಗ್ರಾಸಿಯಾಸ್. ಒಬ್ಬ ಮುದುಕ ಬಕೆಟ್ಟನ್ನೇ ಕಾಲ ಬುಡದಲ್ಲಿಟ್ಟು ಒಳಗೆ ಹೋದ. ಮೇಲಿನ ಕಿಟಕಿಯಲ್ಲಿ ನಿಂತಿದ್ದ ಹೆಂಡತಿಯನ್ನು ಸಹಾಯಕ್ಕೆ ಕೂಗಿದೆ. ಅವಳು ನನ್ನನ್ನು ಕಂಡೇ ಇಲ್ಲದವಳಂತೆ ಕಿಟಕಿ ಮುಚ್ಚಿದಳು.

ಎಲ್ಲವನ್ನೂ ಹೊತ್ತು ಒಳಗೆ ಬಂದಾಗ ಹೋಟೆಲಿನ ಹುಡುಗಿ ಕಣ್ಣೀರು ಬರುವಷ್ಟು ನಕ್ಕಳು. ಆ ಊರಿನಲ್ಲಿ ಕಸದ ಲಾರಿಯ ಮುಂದೆ ಒಬ್ಬ ಗಂಟೆ ಬಾರಿಸುತ್ತಾ ಬರುತ್ತಾನಂತೆ.

ಮರುದಿನ ಬೆಳಿಗ್ಗೆ ನಿಜವಾದ ಗಂಟೆ ಕೇಳಿಸಿತು. ಇಡೀ ಗಲ್ಲಿಯಲ್ಲಿ ಕಸ ಹಿಡಿದು ಹೊರಗೆ ಬಂದವನು ನಾನೊಬ್ಬನೇ.