ಮಾವನವರ ಕೋಲಿನಲ್ಲಿ ತಿರುಗಿದ ನಟ್ಟಿಗೆ

ಗೋಕಾಕದ ಹಾರ್ಡ್‌ವೇರ್ ಅಂಗಡಿಯಿಂದ ಮೂಡಲಗಿಯ ನಮ್ಮ ಮನೆಗೆ ದಯಮಾಡಿಸಿದ, ಒಳಗೆ ಸುತ್ತು ಕೊರೆಸಿಕೊಂಡು ಹೊರಗೆ ಬಂಗಾರದ ಹೊಳಪು ತೋರುವ ಹಿತ್ತಾಳೆ ನಟ್ಟಿನವರ ಸನ್ನಿಧಿಗೆ, ಈ ಮನೆಯ ಸೊಸೆ ಅರ್ಚನಾ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ತಮ್ಮನ್ನು ಕರೆತಂದ ಕಾರಣ ತಮಗೆ ಮರೆತಿರಬಹುದು. ನಮ್ಮ ಮಾವ ಮಾಲಿಂಗಪ್ಪನವರು ನಲವತ್ತು ವರ್ಷ ಕುರಿಗಳ ಹಿಂದೆ ನಡೆದು ಮೊಣಕಾಲು ಸವೆಸಿಕೊಂಡವರು. ಔಷಧಿ ಅಂಗಡಿಯ ಅಲ್ಯೂಮಿನಿಯಂ ಕೋಲು ಹಿಡಿದರೆ ರೋಗಿಯಂತೆ ಕಾಣುತ್ತೇನೆಂದು ಅವರು ಹಟ ಹಿಡಿದಾಗ, ಅವರ ಹಳೆಯ ಕೋಲಿಗೇ ನಾನು ಮನೆಯಲ್ಲಿ, ಆರಿದರೆ ಗಾಜಿನಂತೆ ಗಟ್ಟಿಯಾಗುವ ರೆಸಿನ್ ದ್ರವ ಎರೆದು ಹಿಡಿಕೆ ಮಾಡಿದೆ. ಅದರೊಳಗೆ ಅವರ ಪ್ರೀತಿಯ ಟಗರಿನ ಒಂದಿಷ್ಟು ಉಣ್ಣೆ, ಬುಡದಲ್ಲಿ ಕೋಲಿನ ಬೋಲ್ಟು ಹಿಡಿಯಲು ತಾವು. ತಮ್ಮನ್ನು ಅಚ್ಚಿನಲ್ಲಿ ನೆಟ್ಟಗೆ ಕೂರಿಸಿ, ತಮ್ಮ ಬಾಯಿಗೆ ರೆಸಿನ್ ಇಳಿಯದಂತೆ ಮೇಣ ತುಂಬಿ, ಅದು ಗಟ್ಟಿಯಾಗುವ ಎರಡು ದಿನವೂ ಅತ್ತ ಯಾರೂ ಸುಳಿಯದಂತೆ ಕಾದೆ. ಮಂತ್ರಿಗಳಿಗೂ ಇಷ್ಟು ಬಂದೋಬಸ್ತು ಸಿಗುವುದಿಲ್ಲ.

ಹೋದ ಸೋಮವಾರ ಮಾವನವರು ಹುಕ್ಕೇರಿಯಲ್ಲಿರುವ ಮಗಳು ಅನ್ನಪೂರ್ಣಾಳ ಕೂಸನ್ನು ಮೊದಲ ಸಲ ನೋಡಲು ಹೊರಟರು. ಗೋಕಾಕದಲ್ಲಿ ಬಸ್ಸು ಬದಲಿಸುವಾಗ, ಮೆಟ್ಟಿಲ ಮೇಲೆ ಕಾಲಿಟ್ಟು ಕೋಲಿಗೆ ಭಾರ ಹಾಕಿದ ಆ ಮುಹೂರ್ತವನ್ನೇ ಆರಿಸಿಕೊಂಡು ತಾವು ಹಿಡಿಕೆಯೊಳಗೆ ಗರಗರ ತಿರುಗಿದಿರಿ. ಕಂಡಕ್ಟರು ರಟ್ಟೆ ಹಿಡಿದದ್ದಕ್ಕೆ ಮಾವನವರು ಬೀಳಲಿಲ್ಲ. ಬಂದ ದಾರಿಯಲ್ಲೇ ಮರಳಿ, “ಕೂಸು ದೊಡ್ಡದಾಗಿ ತಾನ ಬರ್ಲಿ, ನಾ ಎಲ್ಲಿಗೂ ಹೋಗೂದಿಲ್ಲ” ಎಂದು ಹೊರಸಿನ ಮೇಲೆ ಮಲಗಿದವರು ಅಂಗಳಕ್ಕೂ ಇಳಿದಿಲ್ಲ. ಸುಳ್ಳೇಕೆ ಹೇಳಲಿ, ನನಗೆ ಅಳುವೇ ಬಂತು.

ಬೆರಳಿನಿಂದ ಜಗ್ಗಿದ್ದಕ್ಕೇ ಹೊರಬಂದ ತಮ್ಮ ಮೈಯೆಲ್ಲ ಹಳದಿ. ವಿಚಾರಿಸಿದರೆ, ಅಚ್ಚಿಗೆ ಇಳಿಯುವ ಮೊದಲೇ ನಮ್ಮ ಅತ್ತೆ ಸತ್ತೆವ್ವನವರು ತಮಗೆ ಎಣ್ಣೆ-ಭಂಡಾರ, ಅಂದರೆ ಎಣ್ಣೆಯ ಜೊತೆ ದೇವರ ಅರಿಸಿನ, ಹಚ್ಚಿದ್ದರು. ಕೊಡಲಿಯಿರಲಿ, ಕುರಿಗತ್ತರಿಯಿರಲಿ, ಕಡೆಗೆ ಮಿಕ್ಸರೂ ಇರಲಿ, ಈ ಮನೆಯಲ್ಲಿ ಆ ಅಭ್ಯಂಜನವಿಲ್ಲದೆ ಕೆಲಸಕ್ಕೆ ಇಳಿದದ್ದಿಲ್ಲ. “ನಿಮ್ಮ ಮಾವನ ಭಾರ ಹೊರಾಂವ, ಬರೇ ಮೈಲೆ ಹೆಂಗ ಕಳಸೂದವಾ?” ಎಂದರು ಅತ್ತೆ. ಎಣ್ಣೆ ಮೆತ್ತಿದ ಮೈಯನ್ನು ರೆಸಿನ್ ಹಿಡಿಯುವುದಿಲ್ಲವೆಂಬುದನ್ನು ನಾನು ಕಲಿತದ್ದು ಹೀಗೆ. ಕುಣಿಯಲಾರದವಳು ನೆಲ ಡೊಂಕು ಎಂದಳೆಂದು ತಾವು ನಗಬಹುದು. ಆದರೂ ಮಾನ್ಯರೇ, ಅಷ್ಟು ಉಪಚಾರ ಮಾಡಿಸಿಕೊಂಡ ಮನೆಗೇ ಎರಡು ಬಗೆಯುವುದೇ?

ಈಗ ತಮ್ಮನ್ನು ಸೋಪಿನಿಂದ ತೊಳೆದು, ಅರದಿಂದ ಮೈ ಗೀರಿ ಒರಟು ಮಾಡಿ, ಹೊಸ ಎರಕದಲ್ಲಿ ಕೂರಿಸಿದ್ದೇನೆ. ಭಂಡಾರವನ್ನು ಹಿಡಿಕೆ ಗಟ್ಟಿಯಾದ ಮೇಲೆ ಹೊರಗಿನಿಂದ ಹಚ್ಚಲು ಅತ್ತೆಯವರು ದೊಡ್ಡ ಮನಸ್ಸು ಮಾಡಿ ಒಪ್ಪಿದ್ದಾರೆ. ಆದ್ದರಿಂದ ತಾವು ಕೃಪೆಯಿಟ್ಟು, ದಾರಿಯ ಒಂದೊಂದು ಗುಂಡಿಯಲ್ಲೂ ಸಮಾಧಾನ ಕೆಡಿಸಿಕೊಳ್ಳದೆ ಹುಕ್ಕೇರಿಯವರೆಗೆ ಸುಮ್ಮನೆ ಕೂತಿರಬೇಕೆಂದೂ, ಅದಕ್ಕೂ ಮುನ್ನ ಮಾವನವರ ಹೊರಸಿನ ಬಳಿ ಖುದ್ದಾಗಿ ಹೋಗಿ ತಪ್ಪೊಪ್ಪಿಕೊಂಡು ಅವರನ್ನು ಎಬ್ಬಿಸಬೇಕೆಂದೂ, ಪುರಸೊತ್ತಾದರೆ ಅವರ ಮೊಣಕಾಲನ್ನೂ ಒಂದು ಸುತ್ತು ಬಿಗಿ ಮಾಡಬೇಕೆಂದೂ ಬೇಡಿಕೊಳ್ಳುತ್ತೇನೆ.

ಇನ್ನೊಂದೇ ಒಂದು ಸಲಕ್ಕೆ ಮಾತ್ರ,
ತಮ್ಮ ವಿಶ್ವಾಸಿ,
ಅರ್ಚನಾ

ತಾ.ಕ.: ನಿನ್ನೆ ಮಾವನವರು ಹುಕ್ಕೇರಿ ಮುಟ್ಟಿದರು. ತಾವು ಕದಲಲಿಲ್ಲವಂತೆ, ಸಂತೋಷ. ಆದರೆ ಬಹಳ ಮೆರೆಯಬೇಡಿ. ಕೂಸು ಅತ್ತದ್ದು ಕೇಳಿದ ಕೂಡಲೇ ಅವರು ಕೋಲನ್ನು ಬಾಗಿಲಲ್ಲೇ ಬಿಟ್ಟು, ಬರಿಗೈಯಲ್ಲಿ ತೊಟ್ಟಿಲವರೆಗೆ ನಡೆದುಹೋದರೆಂದು ಅನ್ನಪೂರ್ಣಾ ಫೋನ್ ಮಾಡಿ ಹೇಳಿದಳು.