ಬಾನೆಟ್ಟಿಗೆ ಬೀಗ

ಕಾರಿನ ಬಾನೆಟ್ಟಿನ ಮೇಲೆ ಐದು ಬೆರಳುಗಳ ಜಿಡ್ಡು ಗುರುತು ಕಂಡದ್ದೇ ಎಲ್ಲಕ್ಕೂ ಮೂಲವಾಯಿತು. ಕಿರುಬೆರಳು ಕೊಂಚ ಸೊಟ್ಟಗಿದ್ದ ಕೈ ಅದು. ಯಾರೋ ತಮ್ಮ ಕಾರಿಗೆ ಕೈ ಹಾಕಿದ್ದಾರೆ ಎಂದುಕೊಂಡ ಗುಮಾಸ್ತರು ಅಂದೇ ಬಾನೆಟ್ಟಿಗೆ ಸರಪಳಿ ಬಿಗಿದು ಬೀಗ ಜಡಿದರು. ಸಾಕ್ಷಿಗಿರಲಿ ಎಂದು ಗುರುತಿನ ಮೇಲೆ ಪಾರದರ್ಶಕ ಟೇಪು ಅಂಟಿಸಿದರು. ಗಾಜಿನ ಮೇಲೊಂದು ಚೀಟಿ ಬೇರೆ: ‘ಈ ಕಾರನ್ನು ಯಾರೂ ಮುಟ್ಟಬಾರದು. ಮುಟ್ಟಿದವರನ್ನು ಪೊಲೀಸರಿಗೆ ಒಪ್ಪಿಸಲಾಗುವುದು.’

ಇದಾಗಿ ಐದು ವಾರ ಕಳೆದಿತ್ತು.

ಶಾಲಾ ಪುಸ್ತಕಗಳ ಉಗ್ರಾಣದಲ್ಲಿ ಅವರಿಗೆ ಕೆಲಸ. ಅಲ್ಲಿ ಅವರನ್ನು ಎಲ್ಲರೂ ಕರೆಯುವುದು ‘ಕಿಲೋಮೀಟರ್ ಸಾರ್’ ಎಂದೇ. ಅವರ ಕಾರು ಮೂರು ಲಕ್ಷ ಹನ್ನೆರಡು ಸಾವಿರ ಕಿಲೋಮೀಟರ್ ಓಡಿತ್ತು. ಅದನ್ನು ದಿನಕ್ಕೊಬ್ಬರಿಗಾದರೂ ಹೇಳದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಒಂದು ತೊಟ್ಟು ಎಣ್ಣೆ ಕುಡಿಯುವುದಿಲ್ಲ, ರೇಡಿಯೇಟರಿಗೆ ನೀರು ಬೇಡ, ಎಲ್ಲ ಇರುವುದು ನೋಡಿಕೊಳ್ಳುವುದರಲ್ಲಿ ಎನ್ನುವರು.

ಅವರು ನೋಡಿಕೊಳ್ಳುತ್ತಿದ್ದ ಕ್ರಮ ಹೀಗಿತ್ತು. ಪ್ರತಿ ಭಾನುವಾರ ಹತ್ತು ಗಂಟೆಗೆ, ಚೆನ್ನಾಗಿ ನಿದ್ದೆ ಮಾಡಿ ಎದ್ದು, ಬಾನೆಟ್ ತೆರೆಯುವರು. ಅದನ್ನು ತೆರೆಯಲು ಕಾರಿನೊಳಗಿದ್ದ ಹಿಡಿ ಮುರಿದು ಎಷ್ಟೋ ಕಾಲವಾಗಿ, ಹೊರಗೆ ಮುಂಭಾಗದಲ್ಲಿದ್ದ ಒಂದು ತಂತಿಯನ್ನು ಯಾರು ಎಳೆದರೂ ಅದು ತೆರೆದುಕೊಳ್ಳುತ್ತಿತ್ತು. ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದರೆ ಎಣ್ಣೆ ಮೇಲಿನ ಗೆರೆಗೇ ನಿಂತಿರುತ್ತಿತ್ತು. ನೋಟ್‌ಬುಕ್ಕಿನಲ್ಲಿ ಬರೆಯುವರು: ಎಣ್ಣೆ ಸರಿಯಿದೆ. ನೀರು ಸರಿಯಿದೆ. ಗಾಳಿ ಸರಿಯಿದೆ. ಏಳು ವರ್ಷದ ನೋಟ್‌ಬುಕ್ಕಿನಲ್ಲಿ ಬೇರೆ ಮಾತೇ ಇರಲಿಲ್ಲ. ಬೀಗ ಹಾಕಿದ ಮೇಲಂತೂ, ಯಾರೂ ಮುಟ್ಟದ ಕಾರನ್ನು ತೆರೆದು ನೋಡುವುದೇನಿದೆ ಎನಿಸಿತು. ಹಾಸಿಗೆಯಲ್ಲೇ ಕೂತು ‘ಸರಿಯಿದೆ’ ಎಂದು ಬರೆಯತೊಡಗಿದರು.

ಆ ಸೋಮವಾರ ಅವರ ಪಾಲಿಗೆ ದೊಡ್ಡ ದಿನ. ಕಂಪನಿಯ ಆರು ಹಳೆಯ ವ್ಯಾನುಗಳು ಸರದಿಯ ಮೇಲೆ ಕೆಟ್ಟು ನಿಲ್ಲುತ್ತಿದ್ದುದರಿಂದ ಅವನ್ನು ನೋಡಿಕೊಳ್ಳಲು ಒಬ್ಬ ಮೇಲ್ವಿಚಾರಕ ಬೇಕಾಗಿದ್ದ. ಆ ಜಾಗಕ್ಕೆ ಗುಮಾಸ್ತರು ತಾವಾಗಿಯೇ ಮುಂದೆ ಬಂದಿದ್ದರು. ಕಂಪನಿಯ ಒಡತಿಯಾದ ಮೇಡಂ, ‘ನಿಮ್ಮ ಕಾರಿನಲ್ಲೇ ಹೊಸ ಉಗ್ರಾಣಕ್ಕೆ ಹೋಗಿಬರೋಣ, ಆಮೇಲೆ ಹೇಳುತ್ತೇನೆ’ ಎಂದಿದ್ದರು.

ಬೆಳಿಗ್ಗೆ ಹೊರಡುವಾಗ ಎದುರುಮನೆಯ ದರ್ಜಿ ಅಕ್ಕ ಹೂಕುಂಡಗಳಿಗೆ ನೀರು ಹಾಕುತ್ತಿದ್ದವರು, ತುಂಬಿದ ಕ್ಯಾನು ಹಿಡಿದೇ ಹತ್ತಿರ ಬಂದರು.

“ಸಾರ್, ನೀರು...”

“ನೀರು ಆಮೇಲೆ ಕುಡೀತೀನಿ ಅಕ್ಕ, ಹೊತ್ತಾಯ್ತು,” ಎಂದು ಅವರು ಬಾಗಿಲು ಎಳೆದುಕೊಂಡರು. ಹೆಂಡತಿ ಹೊಸ್ತಿಲಲ್ಲಿ ನಿಂತು, “ಆ ಚೀಟಿ ತೆಗೀರಿ ಅಂತ ಐದು ವಾರದಿಂದ ಬಡ್ಕೋತಿದೀನಿ,” ಎಂದಳು. ಅದೂ ಅವರ ಕಿವಿಗೆ ಬೀಳಲಿಲ್ಲ.

ಮೇಡಂ ಹತ್ತಿ ಕೂತು ಸ್ವಲ್ಪ ದೂರ ಹೋದ ಮೇಲೆ, ಕಾರು ಎಡಕ್ಕೆ ವಾಲುತ್ತಿದೆಯಲ್ಲವೇ ಎಂದು ಕೇಳಿದರು. ರಸ್ತೆಯೇ ಹಾಗೆ ಎಂದರು ಗುಮಾಸ್ತರು. ರಸ್ತೆ ಬಲಕ್ಕೆ ತಿರುಗಿದ ಮೇಲೂ ಕಾರು ಎಡಕ್ಕೇ ವಾಲಿತು. ಎಂಟನೆಯ ಕಿಲೋಮೀಟರಿನಲ್ಲಿ, ಒಲೆಯ ಮೇಲಿಟ್ಟು ಮರೆತ ಹಂಡೆಯಂತೆ, ಬಾನೆಟ್ಟಿನ ಸಂದುಗಳಿಂದ ಹಬೆ ಏಳತೊಡಗಿತು.

ಇಳಿದು ನೋಡಿದರೆ ಸರಪಳಿಯಿತ್ತು, ಬೀಗವಿತ್ತು. ಕೀಲಿ ಮಾತ್ರ ಮನೆಯ ಗೋಡೆಯ ಮೊಳೆಯಲ್ಲಿತ್ತು.

ರಸ್ತೆ ಬದಿಯ ಚಹಾ ಅಂಗಡಿಯಿಂದ ಹತ್ತು ಜನ ಎದ್ದು ಬಂದರು. ಒಬ್ಬ ಚೀಟಿಯನ್ನು ಗಟ್ಟಿಯಾಗಿ ಓದಿದ. ಇನ್ನೊಬ್ಬ, “ಮುಟ್ಟಬಾರದು ಅಂತ ಬರೆದಿದೆ, ನಾವು ದೂರದಿಂದಲೇ ನೋಡ್ತೀವಪ್ಪ,” ಎಂದು ಕೈಕಟ್ಟಿ ನಿಂತ. ಗುಮಾಸ್ತರು ತಾವೇ ಕಲ್ಲು ತಂದು ತಮ್ಮ ಬೀಗವನ್ನು ಜಜ್ಜಬೇಕಾಯಿತು. ಏಳನೆಯ ಏಟಿಗೆ ಅದು ಮುರಿಯಿತು. ಚಹಾ ಅಂಗಡಿಯಾಕೆ ಎರಡು ಕೊಡ ನೀರು ತಂದಿಟ್ಟು, ಕಾರು ತಣ್ಣಗಾಗುವವರೆಗೆ ಮೇಡಂಗೆ ಕೂರಲು ತನ್ನ ಸ್ಟೂಲು ಕೊಟ್ಟಳು.

ಮತ್ತೆ ಹೊರಟರು. ಸ್ವಲ್ಪದರಲ್ಲೇ ಎಣ್ಣೆಯ ಕೆಂಪು ದೀಪ ಹತ್ತಿಕೊಂಡಿತು. ಅದು ಸುಮ್ಮನೆ ಹತ್ತುತ್ತದೆ ಎಂದು ಗುಮಾಸ್ತರು ಹೇಳಿ ಮುಗಿಸುವುದರೊಳಗೆ, ಒಳಗೆ ಯಾರೋ ಒನಕೆಯಿಂದ ಕುಟ್ಟುತ್ತಿರುವಂಥ ಸದ್ದು ಶುರುವಾಯಿತು. ಅವರು ಹೆದರಿ ಬದಿಗೆ ನಿಲ್ಲಿಸಿದರು. ಮೇಡಂ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ತರಕಾರಿ ಗಾಡಿಯೊಂದಕ್ಕೆ ಕೈ ಅಡ್ಡ ಹಿಡಿದು, ಎಲೆಕೋಸಿನ ಮೂಟೆಗಳ ನಡುವೆ ಹತ್ತಿ ಕೂತು ಹೋದರು. ಅವರ ಕೈಚೀಲ ಕಾರಿನಲ್ಲೇ ಉಳಿಯಿತು.

ಸಂಜೆ, ಬೀದಿಗೆ ಬೀದಿಯೇ ಬಾಗಿಲಲ್ಲಿ ನಿಂತಿರುವ ಹೊತ್ತಿಗೆ, ನೀರಿನ ಟ್ಯಾಂಕರ್ ಲಾರಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು ಕಾರು ಮನೆಗೆ ಬಂತು. ಗುಮಾಸ್ತರು ಸ್ಟೀರಿಂಗ್ ಹಿಡಿದು, ನೆಲ ಬಾಯಿಬಿಟ್ಟು ತಮ್ಮನ್ನು ನುಂಗಬಾರದೇ ಎಂದುಕೊಳ್ಳುತ್ತ ಕೂತಿದ್ದರು.

ಪಕ್ಕದ ಮನೆಯ ಡಿಪೋ ತಾತ ಬಂದರು. ನಲವತ್ತು ವರ್ಷ ಬಸ್ಸುಗಳ ರಿಪೇರಿ ಮಾಡಿ ನಿವೃತ್ತರಾದವರು. ಅವರು ಬಾನೆಟ್ಟಿಗೆ ಕೈಹಾಕದೆ ಒಂದು ಮಾರು ದೂರದಲ್ಲಿ ನಿಂತು ಮೆಲ್ಲಗೆ ಕೇಳಿದರು, “ಮುಟ್ಟಬಹುದಾ ಸಾರ್?”

ಗುಮಾಸ್ತರು ತಲೆಯಾಡಿಸಿದರು. ತಾತ ಕಡ್ಡಿ ಎಳೆದು ನೋಡಿದರು. ಅದರ ತುದಿ ಒಣಗಿತ್ತು.

“ಇನ್ನೊಂದು ಮೈಲಿ ಓಡಿಸಿದ್ರೆ ಪ್ರಾಣ ಹೋಗ್ತಿತ್ತು. ಇದು ವಾರಕ್ಕೆ ಅರ್ಧ ಲೀಟರ್ ಕುಡಿಯುತ್ತೆ.”

“ಕುಡಿಯಲ್ಲ ತಾತ. ಏಳು ವರ್ಷದಿಂದ ಒಂದು ತೊಟ್ಟೂ...”

ತಾತ ಒಣ ಕಡ್ಡಿಯನ್ನೇ ಒರೆಸತೊಡಗಿದರು. ದರ್ಜಿ ಅಕ್ಕ ನೆಲ ನೋಡಿದರು. ಬೀದಿ ಕೊನೆಯ ಸೈಕಲ್ ಅಂಗಡಿಯವನು ಗಾಳಿ ಹಾಕುವ ತನ್ನ ಪಂಪನ್ನು ಬೆನ್ನ ಹಿಂದೆ ಮರೆಮಾಡಿದ. ಕೊನೆಗೆ ಹೆಂಡತಿಯೇ ಬಾಯಿಬಿಟ್ಟಳು.

“ಭಾನುವಾರ ನೀವು ಏಳೋಕೆ ಮುಂಚೆ ತಾತ ಎಣ್ಣೆ ಹಾಕ್ತಿದ್ರು, ಅಕ್ಕ ಹೂಕುಂಡದ ಜೊತೆ ಇದಕ್ಕೂ ನೀರು ಹಾಕ್ತಿದ್ರು, ಇವನು ಗಾಳಿ ತುಂಬ್ತಿದ್ದ. ಹೇಳಬೇಡಿ, ಅವರಿಗೆ ಆ ನೋಟ್‌ಬುಕ್ ಅಂದ್ರೆ ಪ್ರಾಣ ಅಂತ ನಾನೇ ಅಂದಿದ್ದೆ. ನೀವು ಪೊಲೀಸ್ ಅಂತ ಬರೆದ್ರಿ. ಎಲ್ಲರೂ ಕೈಬಿಟ್ರು.”

“ಯಾಕೆ ಮಾಡ್ತಿದ್ರಿ?” ಎಂದರು ಗುಮಾಸ್ತರು.

“ದಿನಾ ಬೆಳಿಗ್ಗೆ ತಳ್ಳೋದಕ್ಕಿಂತ ಇದೇ ಸುಲಭ ಅನ್ನಿಸ್ತು,” ಎಂದ ಸೈಕಲ್ ಅಂಗಡಿಯವನು. ತಾತ ಅವನತ್ತ ಒಮ್ಮೆ ನೋಡಿ, “ನಮ್ಮಾಕೆನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು ಇದೇ ಕಾರಲ್ಲಿ. ಬೀದಿಯಲ್ಲಿ ಯಾರು ಕೇಳಿದ್ರೂ ನೀವು ಇಲ್ಲ ಅಂದವರಲ್ಲ,” ಎಂದರು. ಗುಮಾಸ್ತರಿಗೆ ಅದ್ಯಾವುದೂ ನೆನಪಿರಲಿಲ್ಲ. ಅವರು ಗಾಜಿನ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆಯತೊಡಗಿದರು. ಒಳ್ಳೆಯ ಅಂಟು, ಸುಲಭಕ್ಕೆ ಬಿಡಲಿಲ್ಲ.

ಆಗಲೇ ಕೈಚೀಲ ಹುಡುಕಿಕೊಂಡು ಮೇಡಂ ಬಂದರು. ಸೆರಗಿನಲ್ಲಿ ಎಲೆಕೋಸಿನ ಚೂರೊಂದು ಸಿಕ್ಕಿಕೊಂಡಿತ್ತು. ಅವರೇ ಸಮಾಧಾನ ಹೇಳಿದರು: ಒಂದು ದಿನ ಕೈಕೊಟ್ಟರೇನು, ಏಳು ವರ್ಷ ನಿಲ್ಲದೆ ಓಡಿದೆಯಲ್ಲ, ಇದನ್ನು ನೋಡಿಕೊಂಡವರಿಗೇ ಆ ಕೆಲಸ ಕೊಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೇನೆ.

ತಾತ ಬೇಕೆಂದೇ ಆಕಾಶ ನೋಡುತ್ತ ನಿಂತರು. ಗುಮಾಸ್ತರು ‘ಆಗಲಿ ಮೇಡಂ’ ಎಂದಿದ್ದರೆ ಮುಗಿಯುತ್ತಿತ್ತು. ಒಬ್ಬರೂ ತುಟಿ ಎರಡು ಮಾಡುತ್ತಿರಲಿಲ್ಲ. ಅದಕ್ಕೇ ಅವರಿಗೆ ಹಾಗೆನ್ನಲು ಆಗಲಿಲ್ಲ.

“ನೋಡ್ಕೊಂಡಿದ್ದು ನಾನಲ್ಲ ಮೇಡಂ. ಇವರು,” ಎಂದು ತಾತನನ್ನು ತೋರಿಸಿದರು.

“ಸರಿ. ನಾಳೆಯಿಂದ ಬರ್ತೀರಾ ತಾತ?” ಮೇಡಂ ತಡಮಾಡಲಿಲ್ಲ.

“ಬರ್ತೀನಮ್ಮ. ಬಸ್ಸಲ್ಲಿ ನಿಂತು ಬರೋಕೆ ಮಂಡಿ ಕೇಳಲ್ಲ, ಅಷ್ಟೆ.”

“ಇವರ ಕಾರಿದೆಯಲ್ಲ. ಕರ್ಕೊಂಡು ಬರ್ತಾರೆ.”

ಮೇಡಂ ಹೋದ ಮೇಲೆ ತಾತ ಮನೆಯಿಂದ ಎಣ್ಣೆ ಡಬ್ಬಿ ತಂದು ಗುಮಾಸ್ತರ ಕೈಗಿಟ್ಟು, ಈ ಸಲ ನೀವೇ ಹಾಕಿ ಎಂದರು. ಗುಮಾಸ್ತರು ಒಳಗೊಂದಿಷ್ಟು, ಹೊರಗೊಂದಿಷ್ಟು ಸುರಿದು, ಪ್ರತಿ ಭಾನುವಾರ ಮಾಡುತ್ತಿದ್ದಂತೆ ಎಡಗೈ ಊರಿ ಬಾನೆಟ್ ಒತ್ತಿ ಮುಚ್ಚಿದರು.

ಐದು ಬೆರಳು ಮೂಡಿದವು. ಪಕ್ಕದಲ್ಲೇ ಟೇಪಿನಡಿ ಸಾಕ್ಷಿಗೆಂದು ಕಾದಿಟ್ಟ ಐದು ಬೆರಳು. ಎರಡರಲ್ಲೂ ಕಿರುಬೆರಳು ಒಂದೇ ಸೊಟ್ಟ.

ಗುಮಾಸ್ತರು ಎಡಗೈಯನ್ನು ಮೆಲ್ಲಗೆ ಜೇಬಿಗಿಳಿಸಿದರು. ತಾತ ಕಂಡೂ ಕಾಣದವರಂತೆ ಟೇಪು ಕಿತ್ತು, ಹೆಗಲ ಬಟ್ಟೆಯಿಂದ ಎರಡೂ ಗುರುತುಗಳನ್ನು ಒರೆಸಿಬಿಟ್ಟರು. ಆಮೇಲೆ ನೋಟ್‌ಬುಕ್ ಕೇಳಿ ಪಡೆದು, ಕನ್ನಡಕ ಏರಿಸಿ, ಮೇಲ್ವಿಚಾರಕರಾಗಿ ತಮ್ಮ ಮೊದಲ ಸಾಲು ಬರೆದರು:

‘ಎಣ್ಣೆ ಸರಿಯಿದೆ. ಮುಚ್ಚುವ ಮುಂಚೆ ಕೈ ಒರೆಸಿಕೊಳ್ಳಬೇಕು.’