ಹೊಳ್ಳಿ ನೋಡದ ಅಮರಪ್ಪ

ಇಷ್ಟಕ್ಕೆಲ್ಲ ಕಾರಣ ಶಹಾಪುರದ ಟಾಕೀಸಿಗೆ ಬಂದ ಒಂದು ಇಂಗ್ಲಿಷ್ ಕುದುರೆ ಪಿಕ್ಚರು. ಅಮರಪ್ಪ ಅದನ್ನು ಮೂರು ಸಲ ನೋಡಿದ. ಒಂದು ಮಾತೂ ತಿಳಿಯಲಿಲ್ಲ. ಅದರಿಂದ ನಷ್ಟವೂ ಆಗಲಿಲ್ಲ, ಏಕೆಂದರೆ ಹೀರೋ ಮಾತಾಡುವವನೇ ಅಲ್ಲ. ಟೊಪ್ಪಿಗೆ ಹಾಕಿಕೊಂಡು ಕುದುರೆ ಮೇಲೆ ಒಬ್ಬನೇ ಬರುತ್ತಾನೆ, ದುಷ್ಟನನ್ನು ಗುರಾಯಿಸುತ್ತಾನೆ, ಗೆದ್ದ ಮೇಲೆ ಮುಳುಗುವ ಸೂರ್ಯನ ಕಡೆಗೆ ಹೊರಟುಹೋಗುತ್ತಾನೆ. ಹಿಂದಕ್ಕೆ ಹೊಳ್ಳಿ ನೋಡುವುದಿಲ್ಲ.

ಅಂದು ಕೆನಾಲು ನೀರಿನ ಪಾಳಿ ಅಮರಪ್ಪನದು. ಆದರೆ ಮೇಲಿನ ಹೊಲದ ತಾಯಪ್ಪ ಕಾಲುವೆಗೆ ಅಡ್ಡ ಹಲಗೆ ಇಟ್ಟು ನೀರನ್ನೆಲ್ಲ ತನ್ನ ಹೊಲಕ್ಕೆ ತಿರುಗಿಸಿಕೊಂಡಿದ್ದ.

"ಇವತ್ತ ನೀರ ಬರಲಿಲ್ಲಂದ್ರ ಭತ್ತ ದನಕ್ಕ ಹಾಕಬೇಕಾಗ್ತದ," ಎಂದಳು ಹೆಂಡತಿ ಕರೆಮ್ಮ. "ಸಲಿಕಿ ತೊಗೊಂಡು ಹೋಗ್ರಿ. ನೀರು ನಮ್ಮ ಹೊಲ ಮುಟ್ಟೋತನಕ ಅಲ್ಲೇ ಕುಂದರ್ರಿ."

"ಹೀರೋ ಸಲಿಕಿ ಒಯ್ಯೂದಿಲ್ಲ," ಎಂದು ಅಮರಪ್ಪ ಮದುವೆ ಬ್ಯಾಂಡಿನವರಿಂದ ಟೊಪ್ಪಿಗೆ ತಂದ. ಆಮೇಲೆ ಟಾಂಗಾ ಹೊಡೆಯುವ ಮೌಲಾಲಿಯ ಹತ್ತಿರ ಕುದುರೆ ಕೇಳಿದ.

"ಟಾಂಗಾ ಬಿಟ್ಟು ಬರೇ ಕುದರಿ ಒಯ್ತಿ? ಅದಕ್ಕ ಬಸ್‌ಸ್ಟ್ಯಾಂಡಿನ ಹಾದಿ ಒಂದ ಗೊತ್ತದ ನೋಡು, ಭಾಯಿ."

ಕುದುರೆ ಪ್ರತಿ ಚಹಾದಂಗಡಿಯ ಮುಂದೂ ತನಿಖೆಗೆ ಬಂದ ಸಾಹೇಬನಂತೆ ನಿಂತಿತು. ಹಾದಿಯಲ್ಲಿ ಸಿಕ್ಕ ನೆರೆಮನೆಯ ಹುಸೇನಬೀ, "ಟಾಂಗಾ ಎಲ್ಲಿ ಕಳಕೊಂಡ್ಯೋ?" ಎಂದು ನಕ್ಕಳು. ಹೀರೋ ಉತ್ತರಿಸಲಿಲ್ಲ. ಎರಡು ಮೈಲಿಗೆ ಮೂರು ತಾಸು ಹಿಡಿಯಿತು. ನಡೆದಿದ್ದರೆ ಮುಕ್ಕಾಲು ತಾಸು.

ತಾಯಪ್ಪ ಬದುವಿನ ಮೇಲೆ ಬೀಡಿ ಸೇದುತ್ತ ಕುಳಿತಿದ್ದ. ಅಮರಪ್ಪ ಕುದುರೆ ಇಳಿಯದೆ ಗುರಾಯಿಸಿದ.

"ಯಾಕ ತಮ್ಮ, ಕಣ್ಣಾಗ ಕಸ ಬಿದ್ದದೇನು?"

ಮಾತಿಲ್ಲ.

"ಪಾಳಿ ಕೇಳಾಕ ಬಂದಿಯೇನು?"

ಮಾತಿಲ್ಲ. ಕುದುರೆ ಒಮ್ಮೆ ಸೀನಿತು.

ತಾಯಪ್ಪ ಟೊಪ್ಪಿಗೆ ನೋಡಿದ, ಕುದುರೆ ನೋಡಿದ, ಇಳಿಯುತ್ತಿದ್ದ ಹೊತ್ತನ್ನೂ ನೋಡಿದ. ಏನೋ ಹೊಳೆದವನಂತೆ ಎದ್ದು ಕೈ ಮುಗಿದ. "ಸೋತೆ, ತಮ್ಮ. ತಪ್ಪಾತು." ತಾನೇ ಹಲಗೆ ಕಿತ್ತ. ನೀರು ಅಮರಪ್ಪನ ಹೊಲದ ಕಡೆ ಓಡಿತು.

ಅಮರಪ್ಪನ ಎದೆ ಉಬ್ಬಿತು. ಕರೆಮ್ಮನ ಮಾತು ನೆನಪಿಗೇನೋ ಬಂತು. ಆದರೆ ಸೂರ್ಯ ಆಗಲೇ ಮುಳುಗತೊಡಗಿದ್ದ, ತಡಮಾಡುವಂತಿರಲಿಲ್ಲ. ತನ್ನ ಹೊಲ ಇದ್ದದ್ದು ಮೂಡಣಕ್ಕೆ. ಕುದುರೆಯನ್ನು ಪಡುವಣಕ್ಕೆ ತಿರುಗಿಸಿದ. ಬಸ್‌ಸ್ಟ್ಯಾಂಡೂ ಅತ್ತಲೇ ಇದ್ದುದರಿಂದ ಕುದುರೆ ಅಂದು ಮೊದಲ ಸಲ ಓಡಿತು.

ಬೆನ್ನ ಹಿಂದೆ ಕಾಲುವೆಯಲ್ಲಿ ಹಲಗೆ ಮತ್ತೆ ಧಪ್ಪನೆ ಕೂತ ಸದ್ದಾಯಿತು. ಅಮರಪ್ಪನ ಕತ್ತು ತಿರುಗಲು ಚಡಪಡಿಸಿತು.

"ಹೊಳ್ಳಿ ನೋಡಬ್ಯಾಡ, ತಮ್ಮ!" ತಾಯಪ್ಪ ಕೂಗಿದ. "ಆ ಪಿಕ್ಚರು ನಾ ನಾಕ ಸಲ ನೋಡೀನಿ!"